ಕಿರಿಮೀವೆವದ ಸರದಿ ಪುಸ್ತಕ

“ಇದು ನನ್ನ ಪುಸ್ತಕ ಅಲ್ಲ.”

ಬಿಸೋ ಮೆನಿಕೆ ಮೆಲ್ಲಗೇ ಹೇಳಿದಳು. ಆದರೂ ಕಿರಿಮೀವೆವ ಶಾಲೆಯ ಆರನೇ ತರಗತಿ ಕೋಣೆಯಲ್ಲಿದ್ದ ಉಳಿದ ನಾಲ್ವರಿಗೂ ಕೇಳಿಸಿತು.

ಶನಿವಾರ ಬೆಳಗ್ಗೆ ಹತ್ತು ಗಂಟೆ. ಮಕ್ಕಳಿಗೆ ರಜೆ. ಶನಿವಾರ ಬಂತೆಂದರೆ ಈ ಕೋಣೆ ಜಮೀನು ತಕರಾರಿನ ಮಧ್ಯಸ್ಥಿಕೆ ಮಂಡಳಿಗೆ. ಮೇಜಿನ ಮೇಲೆ ಚೌಕುಳಿ ಬಟ್ಟೆಯ ಹೊದಿಕೆ ಹೊಲಿದ ಉದ್ದನೆಯ ಪುಸ್ತಕವೊಂದು ತೆರೆದು ಬಿದ್ದಿತ್ತು.

“ನೀನೇ ತಂದೆ. ನೀನೇ ಗಂಟು ಬಿಚ್ಚಿದೆ. ಈಗ ನಿನ್ನದಲ್ಲ ಅಂದ್ರೆ?” ಅಬೇಸುಂದರ ಸರ್ ಕನ್ನಡಕದ ಮೇಲಿಂದ ನೋಡಿದರು. ನಿವೃತ್ತ ಮುಖ್ಯೋಪಾಧ್ಯಾಯರು. ಊರೆಲ್ಲ ಅವರನ್ನು ‘ದೊಡ್ಡ ಸರ್’ ಎಂದೇ ಕರೆಯುತ್ತಿತ್ತು.

“ಹೊದಿಕೆ ನನ್ನದೇ ಸರ್. ನಾನೇ ಹೊಲಿದದ್ದು. ಒಳಗಿರೋದು ನನ್ನದಲ್ಲ. ನಮ್ಮ ಮನೆಯವರ ಸುಣ್ಣದ ಬೆರಳು ಒಂದು ಪುಟದಲ್ಲಿ ಒತ್ತಿತ್ತು. ಎಲೆ ಅಡಿಕೆ ಹಾಕ್ತಾ ಪುಟ ತಿರುಗಿಸಿದ್ರು. ಅದು ಇಲ್ಲ.”

“ಸುಣ್ಣ ಉದುರಿ ಹೋಗುತ್ತೆ.”

“ಉದುರಿದ್ರೂ ಗುರುತು ಹೋಗಲ್ಲ ಸರ್.”

ಮೇಜಿನ ಈಚೆ ಮೂವರು ಮಧ್ಯಸ್ಥರು. ಮಧ್ಯದ ಕುರ್ಚಿಯಲ್ಲಿ ಅಂಗಡಿಯ ಜವಾಹಿರ್ ನಾನಾ. ಎಡಕ್ಕೆ ದೊಡ್ಡ ಸರ್. ಬಲಕ್ಕೆ ಸೀಲಾವತಿ. ಮೂವತ್ತೈದು ವರ್ಷ ಸರ್ಕಾರಿ ಸೂಲಗಿತ್ತಿಯಾಗಿದ್ದವಳು. ಈ ಸೀಮೆಯ ಅರ್ಧ ಜನ ಮೊದಲು ಕಂಡದ್ದು ಅವಳ ಮುಖವನ್ನೇ. ಅವಳಿಗೆ ‘ಮಿಸ್ಸಿ’ ಎಂಬುದೇ ಹೆಸರು. ಈ ಮಂಡಳಿಯ ಪದ್ಧತಿಯಂತೆ ಒಬ್ಬ ಮಧ್ಯಸ್ಥರನ್ನು ವಾದಿ ಆರಿಸಬೇಕು, ಇನ್ನೊಬ್ಬರನ್ನು ಪ್ರತಿವಾದಿ, ಅವರಿಬ್ಬರೂ ಸೇರಿ ಮೂರನೆಯವರನ್ನು. ಬಿಸೋ ಮೆನಿಕೆ ಸೀಲಾವತಿಯ ಹೆಸರು ಹೇಳಿದ್ದಳು. ಅವಳ ಗಂಡನ ಅಣ್ಣನ ಮಗ ವಿಪುಲ ದೊಡ್ಡ ಸರ್ ಹೆಸರು ಹೇಳಿದ್ದ.

ತಕರಾರು ಒಂದೇ ಗದ್ದೆಯದು. ಗದ್ದೆ ಒಂದು, ಪಾಲುದಾರರು ಮೂವರು. ವಿಪುಲ, ಕುವೈತಿನಲ್ಲಿ ಮನೆಗೆಲಸಕ್ಕಿರುವ ಅವನ ಸೋದರತ್ತೆ ನಂದಾ, ಬಿಸೋ ಮೆನಿಕೆ. ಅಜ್ಜನ ಕಾಲದಲ್ಲೇ ಅದನ್ನು ತುಂಡು ಮಾಡಿರಲಿಲ್ಲ. ಒಂದು ವರ್ಷ ಒಬ್ಬರು ಇಡೀ ಗದ್ದೆ ಬಿತ್ತಬೇಕು, ಮರುವರ್ಷ ಇನ್ನೊಬ್ಬರು. ತಟ್ಟುಮಾರು ಪದ್ಧತಿ. ಮೊದಲು ವಿಪುಲ, ಆಮೇಲೆ ನಂದಾ, ಆಮೇಲೆ ಬಿಸೋ ಮೆನಿಕೆ, ಮತ್ತೆ ವಿಪುಲ. ಸರದಿ ಯಾರದೆಂದು ಪ್ರತಿ ವರ್ಷ ವಿದಾನೆ, ಅಂದರೆ ಊರಿನ ಗದ್ದೆಗಳ ಉಸ್ತುವಾರಿ ನೋಡುವ ಪುಂಚಿರಾಳ, ಈ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಿದ್ದ. ಆತ ಹೋದ ವರ್ಷ ತೀರಿಕೊಂಡ. ಬಿಸೋ ಮೆನಿಕೆಯ ಗಂಡ ಹತ್ತು ವರ್ಷ ಹಾಸಿಗೆ ಹಿಡಿದು ಅದೇ ವರ್ಷ ತೀರಿಕೊಂಡ. ಆ ಹತ್ತೂ ವರ್ಷ ಸರದಿ ಯಾರದಾದರೂ ಉತ್ತವನು ವಿಪುಲನೇ. ಸರದಿ ಯಾರದಾದರೂ ಚಿಕ್ಕಮ್ಮನ ಮನೆಗೆ ಅಕ್ಕಿ ಕಳಿಸಿದವನೂ ಅವನೇ. ಗದ್ದೆಯಲ್ಲಿ ಇದ್ದವರು ಯಾರೆಂದು ಊರಿಗೆಲ್ಲ ಗೊತ್ತು. ಸರದಿ ಯಾರದಿತ್ತೆಂದು ಪುಸ್ತಕಕ್ಕೆ ಮಾತ್ರ ಗೊತ್ತು.

ದೊಡ್ಡ ಸರ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಕಳೆದ ವರ್ಷ, ಬಿಸೋ ಮೆನಿಕೆ. ಅಂದ ಮೇಲೆ ಈ ವರ್ಷ ವಿಪುಲ. ಮುಗಿಯಿತಲ್ಲ? ರಾಜಿ ಬರೆಯೋಣ.”

“ಕಳೆದ ವರ್ಷ ನಂದಾಳದ್ದು. ಈ ವರ್ಷ ನನ್ನದು.” ಬಿಸೋ ಮೆನಿಕೆಯ ಧ್ವನಿ ಈಗ ಏರಿತು. “ಇವನ ಸರದಿಯಾದ್ರೆ ಗದ್ದೆ ಮಣ್ಣು ತೆಗೆಯೋರಿಗೆ ಕೊಡ್ತಾನೆ. ಹೆಂಚಿನ ಭಟ್ಟಿಗೆ. ಒಮ್ಮೆ ಮಣ್ಣು ತೆಗೆದ್ರೆ ಗದ್ದೆ ಎಲ್ಲಿರುತ್ತೆ? ಹೊಂಡ ಇರುತ್ತೆ. ಹೊಂಡಕ್ಕೆ ಯಾವ ಸರದಿ?”

“ಚಿಕ್ಕಮ್ಮಾ, ಒಂದಡಿ ಮಣ್ಣು ಅಷ್ಟೇ ಅಂತ ಸಾವಿರ ಸಲ ಹೇಳಿದೆ,” ಎಂದ ವಿಪುಲ.

“ಸಾವಿರ ಸಲ ಹೇಳಿದ್ದಕ್ಕೇ ನನಗೆ ನಂಬಿಕೆ ಇಲ್ಲ.”

ನಂದಾಳನ್ನು ಹೋದ ಸಲವೇ ಫೋನಿನ ಪರದೆಯಲ್ಲಿ ಕರೆದು ಕೇಳಿದ್ದಾಗಿತ್ತು. ಇದು ಮಂಡಳಿಗೆ ಬಂದ ಹೊಸ ಅನುಕೂಲ. “ಮಿಸ್ಸಿ, ನನಗಿಲ್ಲಿ ಇವತ್ತು ಯಾವ ವಾರ ಅನ್ನೋದೇ ಗೊತ್ತಾಗಲ್ಲ. ಸರದಿ ಎಲ್ಲಿಂದ ಗೊತ್ತಾಗಲಿ?” ಎಂದು ಅವಳು ಅತ್ತುಬಿಟ್ಟಿದ್ದಳು.

ಸೀಲಾವತಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಹೊದಿಕೆಯನ್ನು ಮೂಸಿದಳು. ಹಳೆಯ ಭತ್ತದ ವಾಸನೆ. ಪುಟ ಮೂಸಿದಳು. ಏನೂ ಇಲ್ಲ. ಹೊಲಿಗೆಯ ಸಂದಿಯಲ್ಲಿ ಉಗುರು ಆಡಿಸಿದಳು. ಉಗುರು ಸ್ವಚ್ಛವಾಗಿಯೇ ಬಂತು.

“ಏನು ಮಿಸ್ಸಿ, ಮಗು ಉಸಿರಾಡ್ತಿದೆಯಾ?” ದೊಡ್ಡ ಸರ್ ನಕ್ಕರು.

“ಒಂದು ವಾರ ಕೊಡಿ,” ಎಂದಳು ಸೀಲಾವತಿ.

“ಮುಂದಿನ ಭಾನುವಾರ ಕೆರೆಯ ತೂಬು ತೆಗೀತಾರೆ. ನೀರು ನಿಮ್ಮ ವಾರ ಕಾಯಲ್ಲ. ಒಪ್ಪದಿದ್ರೆ ರಾಜಿಯಾಗಲಿಲ್ಲ ಅಂತ ಪತ್ರ ಕೊಡೋಣ. ಕೋರ್ಟಿಗೆ ಹೋಗಲಿ.”

“ಕೋರ್ಟಿಗೆ ಹೋದ ಗದ್ದೆ ಮೊಮ್ಮಕ್ಕಳ ಮದುವೆ ಹೊತ್ತಿಗೆ ವಾಪಸು ಬರುತ್ತೆ,” ಎಂದರು ಜವಾಹಿರ್ ನಾನಾ. “ಅಷ್ಟರಲ್ಲಿ ಹೊಂಡದಲ್ಲಿ ಮೀನು ಹಿಡೀಬಹುದು.”

“ನಾನು ಆ ಪತ್ರಕ್ಕೆ ರುಜು ಹಾಕಲ್ಲ,” ಎಂದಳು ಸೀಲಾವತಿ. “ಈ ರಾಜಿಗೂ ಹಾಕಲ್ಲ. ಬಲವಂತ ಮಾಡೋರು ಯಾರು ಅಂತ ನೋಡೋಣ.”

ಜವಾಹಿರ್ ನಾನಾ ಇಬ್ಬರ ಮುಖವನ್ನೂ ನೋಡಿದರು. “ಶನಿವಾರ. ಅಲ್ಲಿವರೆಗೂ ಪುಸ್ತಕ ನನ್ನ ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತೆ.”

ದೊಡ್ಡ ಸರ್ ತಮ್ಮ ಟಿಪ್ಪಣಿ ಪುಸ್ತಕ ತೆರೆದು ದಿನಾಂಕ ಬರೆದುಕೊಂಡರು. ಅಂಚಿಗೆ ಎರಡು ಕೆಂಪು ಗೆರೆಯ ಹಳೆಯ ಹಾಜರಿ ಪುಸ್ತಕ. ಶಾಲೆ ಎಂದೋ ಎಸೆದದ್ದನ್ನು ಕಟ್ಟುಗಟ್ಟಲೆ ಮನೆಗೊಯ್ದು ಇಟ್ಟುಕೊಂಡಿದ್ದರು. ಸರ್ಕಾರದ ಕಾಗದ ಉಳಿಸುತ್ತೇನೆಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದರು.

* * *

ಬಿಸೋ ಮೆನಿಕೆಯ ಮನೆಯ ಹಿಂಬದಿ ಕೋಣೆಯಲ್ಲಿ ಎದೆಮಟ್ಟದ ಮರದ ಕಣಜ. ಸೀಲಾವತಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಕೈ ಹಾಕಿದಳು. ಭತ್ತದ ಸುಂಕು ಮೊಣಕೈವರೆಗೂ ಹತ್ತಿತು. ತುರಿಸಿಕೊಂಡಳು.

“ಎಷ್ಟು ವರ್ಷ ಇದರೊಳಗಿತ್ತು?”

“ನಾನು ಮದುವೆಯಾಗಿ ಬಂದಾಗಿನಿಂದ. ಮೂವತ್ತು ದಾಟಿತು.”

“ಮೂವತ್ತು ವರ್ಷ ಭತ್ತದೊಳಗೆ ಮಲಗಿದ ಪುಸ್ತಕದ ಹೊಲಿಗೆಯಲ್ಲಿ ಒಂದು ಚಿಟಿಕೆ ಸುಂಕಿಲ್ಲ. ನೀನು ಹೇಳಿದ್ದು ನಿಜ.”

ಬಿಸೋ ಮೆನಿಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. “ನಿಜ ಅಂತ ಹೇಳಿದ್ದು ನೀವೊಬ್ಬರೇ ಮಿಸ್ಸಿ. ಬಾವಿ ಕಟ್ಟೆಯಲ್ಲಿ ಎಲ್ಲರೂ ನಗ್ತಿದ್ದಾರೆ. ಮುದುಕಿ ತಾನೇ ತಂದ ಸಾಕ್ಷಿಗೆ ತಾನೇ ಸಿಕ್ಕಿಬಿದ್ದಳು ಅಂತ.”

“ನಗಲಿ. ಹಲ್ಲಿದ್ದೋರು ನಗ್ತಾರೆ. ಪುಸ್ತಕ ಇಲ್ಲಿರೋದು ಯಾರಿಗೆ ಗೊತ್ತಿತ್ತು?”

“ನಮ್ಮ ಮನೆಯವರಿಗೆ. ಅವರು ಹೋದರು.”

“ವಿಪುಲನಿಗೆ?”

“ಇಲ್ಲ. ಚಾವಡಿಯ ಪೆಟ್ಟಿಗೆಯಲ್ಲಿದೆ ಅಂದುಕೊಂಡಿದ್ದ. ಪಾಪ, ಹೋದ ತಿಂಗಳು ಅದನ್ನೇ ಕೇಳಿದ.”

“ಮತ್ತೆ ಯಾರಿಗೂ ಹೇಳಲಿಲ್ಲವಾ? ನೆನಪು ಮಾಡಿಕೋ.”

ಬಿಸೋ ಮೆನಿಕೆ ತಲೆಯೆತ್ತಿದಳು. “ನಿಮಗೆ ಹೇಳಿದೆ.”

“ನನಗಾ?”

“ಮೊದಲ ಶನಿವಾರ. ವಿಪುಲನನ್ನು ಹೊರಗೆ ಕೂರಿಸಿ ನೀವು ಮೂವರೂ ನನ್ನೊಬ್ಬಳ ಹತ್ತಿರ ಮಾತಾಡಿದ್ರಲ್ಲ. ಈ ಮಾತು ಗೋಡೆ ದಾಟಲ್ಲ, ಧೈರ್ಯವಾಗಿ ಹೇಳು ಅಂದ್ರಿ. ಬೇರೆ ಪ್ರತಿ ಇದೆಯಾ ಅಂತ ಕೇಳಿದ್ರಿ. ಇಲ್ಲ, ಅದೊಂದೇ, ಕಣಜದಲ್ಲಿದೆ ಅಂದೆ.”

ಸೀಲಾವತಿಗೆ ಕೈ ತುರಿಸುವುದು ಮರೆತುಹೋಯಿತು. ಮಧ್ಯಸ್ಥಿಕೆಯ ಇಡೀ ಕಟ್ಟಡ ನಿಂತಿರುವುದು ಆ ಒಂದು ಮಾತಿನ ಮೇಲೆ. ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ. ಅದನ್ನು ನಂಬಿಯೇ ಜನ ಬಾಯಿ ಬಿಡುತ್ತಾರೆ. ಆ ಕೋಣೆಯಲ್ಲಿದ್ದವರು ಮೂವರು. ಒಬ್ಬಳು ತಾನು.

“ಮನೆ ಬಿಟ್ಟು ಎಂದು ಹೋಗಿದ್ದೆ?”

“ಇನ್ನೆಂದು? ಹುಣ್ಣಿಮೆ ದಿನ. ವಿಹಾರದಲ್ಲಿ ಬೆಳಗಿನಿಂದ ಸಂಜೆವರೆಗೂ ನಿಮ್ಮ ಪಕ್ಕದಲ್ಲೇ ಬಿಳಿ ಸೀರೆ ಉಟ್ಟು ಕೂತಿದ್ದೆನಲ್ಲ.”

ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದಲೇ ಉತ್ತರ ಕೊಟ್ಟಳು. ಅವಳು ಆಗಿನಿಂದ ಒಂದೇ ತೆಂಗಿನಕಾಯಿ ತುರಿಯುತ್ತಿದ್ದಳು. “ಹುಣ್ಣಿಮೆ ಮಧ್ಯಾಹ್ನ ವಿಪುಲನ ಮೋಟಾರ್ ಸೈಕಲ್ ಇಲ್ಲೇ ನಿಂತಿತ್ತು ಮಿಸ್ಸಿ. ನಾನು ಹೇಳಿದೆ ಅಂತ ಹೇಳಬೇಡಿ.”

“ನೀನು ಇಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನಾನ್ಯಾಕೆ ಹೇಳಲಿ?”

* * *

ವಿಪುಲ ಕೊಟ್ಟಿಗೆಯ ಮುಂದೆ ಟ್ರ್ಯಾಕ್ಟರಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದ. ಸೀಲಾವತಿ ನೇರವಾಗಿ ಕೇಳಿದಳು.

“ಹುಣ್ಣಿಮೆ ದಿನ ಚಿಕ್ಕಮ್ಮನ ಮನೇಲಿ ಏನು ಮಾಡ್ತಿದ್ದೆ?”

“ಹಲಸಿನಕಾಯಿ ಇಟ್ಟು ಬಂದೆ.”

“ಕದ್ದು ಬಂದವನೂ ಹಾಗೇ ಹೇಳ್ತಾನೆ.”

ಅವನು ಎಣ್ಣೆ ಕೈ ಒರೆಸಿಕೊಳ್ಳದೆ ಎದ್ದು ನಿಂತ. “ಮಿಸ್ಸಿ, ನನ್ನನ್ನು ತಲೆಕೆಳಗೆ ಹಿಡಿದು ಮೊದಲು ಬೆನ್ನಿಗೆ ಬಡಿದವರು ನೀವು. ಇನ್ನೊಂದು ಸಲ ಬಡೀರಿ. ಆದ್ರೆ ಕಳ್ಳ ಅನ್ನಬೇಡಿ. ಹಾಸಿಗೆ ಹಿಡಿದ ಚಿಕ್ಕಪ್ಪನಿಗೆ ಹತ್ತು ವರ್ಷ ಅಕ್ಕಿ ಹೊತ್ತವನು ನಾನು. ಅವರ ಮನೇಲಿ ಕದಿಯೋ ಹಾಗಿದ್ರೆ ಅಕ್ಕೀನೇ ಕೊಡ್ತಿರಲಿಲ್ಲ.”

“ಗದ್ದೆ ಮಣ್ಣಿಗೆ ಕೊಡೋದು ಯಾಕೆ?”

“ಟ್ರ್ಯಾಕ್ಟರ್ ನೋಡಿ. ಇದು ಉಳೋದಕ್ಕಿಂತ ಹೆಚ್ಚು ದಿನ ಮಲಗಿರುತ್ತೆ. ಒಂದಡಿ ಮಣ್ಣು ತೆಗೀತಾರೆ. ಮರುವರ್ಷ ಮಾಮೂಲು. ಕಾಗದದಲ್ಲೇ ಬರೆದಿದೆ.”

“ತಾ ಕಾಗದ.”

ತಂದ. ಸೀಲಾವತಿ ಕನ್ನಡಕ ಹಾಕಿ ಓದಿದಳು. ಎರಡು ಸಲ ಓದಿದಳು. “ಎಲ್ಲಿ ಒಂದಡಿ? ‘ಬೇಕಾದಷ್ಟು ಆಳಕ್ಕೆ’ ಅಂತಿದೆ.”

“ಹೌದಾ? ಅವರು ಓದಿ ಹೇಳುವಾಗ ಒಂದಡಿ ಅಂದ್ರು.”

“ಅವರು ಓದಿ ಹೇಳಿದ್ರು, ನೀನು ಕೇಳಿ ರುಜು ಹಾಕಿದೆ. ಶಾಲೆಗೆ ಯಾಕೆ ಹೋಗಿದ್ದೆ, ಮಧ್ಯಾಹ್ನದ ಊಟಕ್ಕಾ?”

ಕಾಗದದ ಕೆಳಗೆ ಭಟ್ಟಿಯವರ ಪರವಾಗಿ ರುಜು ಹಾಕಿದವನ ಹೆಸರಿತ್ತು. ನಳಿನ್ ದಿಸಾನಾಯಕ. ಈ ಹೆಸರನ್ನು ಎಲ್ಲೋ ಓದಿದ್ದೇನೆ, ಅದೂ ಬಂಗಾರದ ಅಕ್ಷರದಲ್ಲಿ ಎಂದು ಅವಳಿಗೆ ಅನ್ನಿಸಿತು. ಎಲ್ಲೆಂದು ಹೊಳೆಯಲಿಲ್ಲ.

“ಮಧ್ಯಸ್ಥರಲ್ಲಿ ದೊಡ್ಡ ಸರ್ ಹೆಸರು ಹೇಳು ಅಂತ ನಿನಗೆ ಯಾರು ಹೇಳಿದ್ದು?”

“ಆ ಭಟ್ಟಿಯವನೇ. ಓದಿದವರು, ನ್ಯಾಯವಾಗಿ ಮಾಡ್ತಾರೆ ಅಂದ.”

ವಿಪುಲನ ಹೆಂಡತಿ ರೇಣುಕಾ ಕರಿ ಚಹಾ ತಂದಳು. ತಟ್ಟೆಯಲ್ಲಿ ಕಚ್ಚಿಕೊಳ್ಳಲು ಬೆಲ್ಲದ ತುಂಡು.

“ಬೈಯೋದು ಮುಗಿದಿದ್ರೆ ಕುಡೀರಿ ಮಿಸ್ಸಿ. ನಮ್ಮ ದೊಡ್ಡವಳಿಗೆ ಮೊನ್ನೆ ಎಂಟು ತುಂಬಿತು. ಅವಳು ಹುಟ್ಟಿದ ದಿನ ನೆನಪಿದೆಯಾ? ಏರಿ ಸುತ್ತಿ ಬರೋಕೆ ಹೊತ್ತಿಲ್ಲ ಅಂತ ಕೆರೆ ಅಂಗಳದಲ್ಲೇ ನಡ್ಕೊಂಡು ಬಂದ್ರಿ. ಕಾಲಿಗೆ ಕೆಸರು ಕೂಡ ಹತ್ತಿರಲಿಲ್ಲ.”

“ನೆನಪಿಲ್ಲದೆ ಏನು. ಬಿರುಕಿನಲ್ಲಿ ನನ್ನ ಚಪ್ಪಲಿ ಸಿಕ್ಕಿಕೊಂಡು...”

ಸೀಲಾವತಿ ಅರ್ಧಕ್ಕೆ ನಿಲ್ಲಿಸಿದಳು. ಬೆಲ್ಲ ಬಾಯಲ್ಲೇ ಉಳಿಯಿತು. ಚಹಾ ಲೋಟ ಕೆಳಗಿಟ್ಟಳು.

“ಎಂಟು ವರ್ಷ ಅಂದ್ಯಾ?”

“ಎಂಟು. ಯಾಕೆ ಮಿಸ್ಸಿ?”

“ಏನಿಲ್ಲ. ಕೊಡೆ ಎಲ್ಲಿಟ್ಟೆ ನಾನು?”

“ಕೈಯಲ್ಲೇ ಇದೆ.”

* * *

ಜವಾಹಿರ್ ನಾನಾ ಅಂಗಡಿಯಲ್ಲಿ ಒಣಮೀನು ತೂಗುತ್ತಿದ್ದರು. ಗಿರಾಕಿ ಹೋಗುವವರೆಗೆ ಸೀಲಾವತಿ ಬೆಂಚಿನ ಮೇಲೆ ಕಾದಳು.

“ನಾನಾ, ಬಿಸೋ ಮೆನಿಕೆಯ ಪುಸ್ತಕ ನೀವು ಕದ್ದಿದ್ದೀರಾ?”

ಅವರ ಕೈಯ ಮೀನು ತಕ್ಕಡಿಯ ಹೊರಗೆ ಬಿತ್ತು. “ಐವತ್ತು ವರ್ಷದ ಅಂಗಡಿ ಇದು. ಹುಣಸೆಹಣ್ಣಿನಲ್ಲಿ ಬೀಜ ಜಾಸ್ತಿ ಅಂತ ಬೈದವರಿದ್ದಾರೆ. ಈ ಮಾತು ಕೇಳಿದವರಿಲ್ಲ.”

“ಗುಟ್ಟು ಗೊತ್ತಿದ್ದವರು ಮೂವರು. ನಾನು ಕದ್ದಿಲ್ಲ. ಉಳಿದವರಿಬ್ಬರಲ್ಲಿ ನೀವೊಬ್ಬರು. ಅದಕ್ಕೇ ಮುಖಕ್ಕೇ ಕೇಳಿದೆ.”

ಅವರು ಬಿದ್ದ ಮೀನನ್ನು ಸಿಟ್ಟಿನಲ್ಲಿ ಎತ್ತಿ ತಕ್ಕಡಿಯ ಪಕ್ಕಕ್ಕೆ ಎಸೆದರು. ಆಮೇಲೆ ನಕ್ಕರು. “ಬೆನ್ನ ಹಿಂದೆ ಕೇಳೋರಿಗಿಂತ ವಾಸಿ. ಕದ್ದಿಲ್ಲ. ನಂಬೋದು ಬಿಡೋದು ನಿಮಗೆ ಸೇರಿದ್ದು.”

“ನಂಬೋಕೆ ಒಂದು ದಾರಿ ಇದೆ. ಪುಸ್ತಕ ತೆಗೀರಿ.”

ಕಬ್ಬಿಣದ ಪೆಟ್ಟಿಗೆ ತೆರೆದರು. ಸೀಲಾವತಿ ಪುಟ ತಿರುಗಿಸಿ ಒಂದು ಸಾಲಿನ ಕೆಳಗೆ ಬೆರಳಿಟ್ಟಳು.

“ಇದು ಎಂಟು ವರ್ಷದ ಹಿಂದಿನ ಸಾಲು. ಜೋರಾಗಿ ಓದಿ.”

“ಇಡೀ ಗದ್ದೆ, ನಂದಾಳ ಸರದಿ. ಬಿತ್ತನೆ ಆಯಿತು.” ಅವರು ಓದಿ ಮುಗಿಸಿದರು. ಕನ್ನಡಕ ತೆಗೆದು ಒರೆಸಿದರು. ಇನ್ನೊಮ್ಮೆ ವರ್ಷ ನೋಡಿದರು. ಬೆರಳು ಮಡಚಿ ಎಣಿಸಿದರು. “ಯಾ ಅಲ್ಲಾ! ಇದು ಬರಗಾಲದ ಬೆತ್ಮ ವರ್ಷ ಅಲ್ಲವಾ?”

“ಅಷ್ಟೇ ಸಾಕು ನಾನಾ. ನಿಮ್ಮನ್ನು ನಂಬಿದೆ.” ಸೀಲಾವತಿ ಪುಸ್ತಕ ಮುಚ್ಚಿದಳು. “ಶನಿವಾರದವರೆಗೂ ಬಾಯಿಗೆ ಬೀಗ. ಕಾಲು ಕಿಲೋ ಮೀನು ಕಟ್ಟಿ. ನೆಲಕ್ಕೆ ಬಿದ್ದದ್ದು ಬೇಡ.”

ಮನೆಗೆ ಹೋದವಳೇ ಅವಳು ಹಳೆಯ ಲಗ್ನಪತ್ರಿಕೆಗಳ ಡಬ್ಬಿ ಸುರಿದುಕೊಂಡು ಕೂತಳು.

* * *

ಶನಿವಾರ. ಅದೇ ಕೋಣೆ. ಸೀಲಾವತಿ ಕೇಳಿಕೊಂಡಂತೆ, ಇಬ್ಬರೂ ಕಕ್ಷಿದಾರರ ಒಪ್ಪಿಗೆ ಪಡೆದು, ಕೆರೆ ಸಂಘದ ನಾಲ್ವರು ಹಿರಿಯರನ್ನು ಕರೆಸಲಾಗಿತ್ತು. ಚಿಕ್ಕ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಅವರು ಕೂತಿದ್ದರು.

“ವಾರ ಮುಗಿಯಿತು,” ಎಂದರು ದೊಡ್ಡ ಸರ್. “ಏನಾದರೂ ಹೆತ್ತಿರಾ ಮಿಸ್ಸಿ?”

“ಹೆರಿಗೆ ಈಗ ಶುರು ಸರ್. ನೀವೇ ಸಹಾಯ ಮಾಡಬೇಕು. ನನ್ನ ಕಣ್ಣು ಸರಿಯಿಲ್ಲ, ಈ ಸಾಲು ಓದಿ.”

ದೊಡ್ಡ ಸರ್ ತರಗತಿಯಲ್ಲಿ ಓದುವಂತೆ ಸ್ಪಷ್ಟವಾಗಿ ಓದಿದರು. “ಇಡೀ ಗದ್ದೆ, ನಂದಾಳ ಸರದಿ. ಬಿತ್ತನೆ ಆಯಿತು.” ವರ್ಷವನ್ನೂ ಓದಿದರು.

ಬೆಂಚಿನ ಮೇಲಿದ್ದ ಹಿರಿಯನೊಬ್ಬ ಕೆಮ್ಮಿದ. ಇನ್ನೊಬ್ಬ ಪಕ್ಕದವನ ಮುಖ ನೋಡಿದ. ಮಾತಾಡಿದವನು ವಿಪುಲ. ತನಗೇ ನಷ್ಟವಾಗುತ್ತದೆ ಎಂದು ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು.

“ಸುಳ್ಳು! ಆ ವರ್ಷ ಗದ್ದೆ ಎಲ್ಲಿ ಬಿತ್ತಿದ್ವಿ? ಕೆರೆ ಒಣಗಿ ಬೆತ್ಮ ಮಾಡಿದ್ವಿ. ಏರಿ ಕೆಳಗೆ ಇದ್ದಷ್ಟು ನೀರಿಗೆ ಊರೆಲ್ಲ ಸೇರಿ ಚೂರು ಚೂರು ಹಂಚಿಕೊಂಡ್ವಿ. ನನ್ನ ಚೂರು, ಚಿಕ್ಕಮ್ಮನ ಚೂರು ಪಕ್ಕಪಕ್ಕ. ನಮ್ಮ ಗದ್ದೆಗೆ ಒಂದು ಹನಿ ಬರಲಿಲ್ಲ. ನನ್ನ ಮಗಳು ಹುಟ್ಟಿದ ವರ್ಷ ಅದು.”

“ಪರಿಹಾರದ ಅಕ್ಕಿ ನನ್ನ ಅಂಗಡಿಯಲ್ಲೇ ಹಂಚಿದ್ದು,” ಎಂದರು ಜವಾಹಿರ್ ನಾನಾ.

“ಬೆತ್ಮ ವರ್ಷ ಸರದಿ ತಿನ್ನಲ್ಲ,” ಎಂದ ಬೆಂಚಿನ ಹಿರಿಯ. “ಅದು ಯಾರ ಲೆಕ್ಕಕ್ಕೂ ಇಲ್ಲ. ನಮ್ಮಪ್ಪನ ಕಾಲದಿಂದ ಹಾಗೇ.”

“ಆ ಒಂದು ಸಾಲು ತೆಗೆದುಬಿಟ್ಟು ಸರದಿ ಓಡಿಸಿ,” ಎಂದಳು ಸೀಲಾವತಿ. “ಕಳೆದ ವರ್ಷ ನಂದಾಳದ್ದು. ಈ ವರ್ಷ ಬಿಸೋ ಮೆನಿಕೆಯದು. ಒಂದು ಸಾಲು ಸೇರಿಸಿದ್ದಕ್ಕೆ ಎಲ್ಲರ ಸರದಿಯೂ ಒಂದೊಂದು ಹೆಜ್ಜೆ ಮುಂದೆ ಹೋಗಿತ್ತು.”

ದೊಡ್ಡ ಸರ್ ಪೆನ್ನಿನ ಮುಚ್ಚಳ ಹಾಕಿದರು. “ಹಳೇ ಪುಸ್ತಕಗಳಲ್ಲಿ ಇಂಥದ್ದೆಲ್ಲ ಇದ್ದೇ ಇರುತ್ತೆ. ಆ ವಿದಾನೆಗೆ ವಯಸ್ಸಾಗಿತ್ತು. ಬರೆಯೋದು ಮರೆತು ಆ ವರ್ಷ ಖಾಲಿ ಬಿಟ್ಟ. ಅಷ್ಟಕ್ಕೆಲ್ಲ...”

ಅವರು ನಿಲ್ಲಿಸಿದರು.

“ಎಲ್ಲಿ ಖಾಲಿ ಬಿಟ್ಟ ಸರ್?” ಸೀಲಾವತಿ ಪುಸ್ತಕ ಅವರತ್ತ ತಳ್ಳಿದಳು. “ಇದರಲ್ಲಿ ಖಾಲಿ ಸಾಲೇ ಇಲ್ಲ. ಈಗಷ್ಟೇ ನೀವೇ ಓದಿದ್ರಿ. ಖಾಲಿ ಸಾಲಿದ್ದದ್ದು ಬಿಸೋ ಮೆನಿಕೆಯ ಪುಸ್ತಕದಲ್ಲಿ. ಅದನ್ನು ನೀವು ಯಾವಾಗ ನೋಡಿದ್ರಿ?”

ದೊಡ್ಡ ಸರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

“ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ನಿಮಗೆ ತಿದ್ದಿ ಅಭ್ಯಾಸ. ಪುಸ್ತಕ ಕಣಜದಲ್ಲಿದೆ ಅಂತ ಇವಳು ನಮ್ಮ ಮೂವರಿಗೇ ಹೇಳಿದ್ದು. ಹುಣ್ಣಿಮೆ ದಿನ ಇವಳು ಬೆಳಗಿನಿಂದ ಸಂಜೆವರೆಗೂ ವಿಹಾರದಲ್ಲಿದ್ದಳು. ಪ್ರತಿ ಹುಣ್ಣಿಮೆ ಬೆಳಗ್ಗೆಯೇ ಬಂದು ಮುಂದಿನ ಸಾಲಿನಲ್ಲಿ ಕೂರೋ ನೀವು ಅವತ್ತು ಬಂದದ್ದು ಸಂಜೆಯ ಪ್ರವಚನಕ್ಕೆ. ಬೆಳಗ್ಗೆ ಪುಸ್ತಕ ಒಯ್ದಿರಿ. ನಿಮ್ಮ ಹಾಜರಿ ಪುಸ್ತಕದಲ್ಲಿ ವಿದಾನೆಯ ಅಕ್ಷರ ನೋಡಿ ಹೊಸದು ಬರೆದ್ರಿ. ಇವಳ ಹೊದಿಕೆ ತೊಡಿಸಿ ವಾಪಸು ಇಟ್ರಿ. ನಿಮ್ಮ ಟಿಪ್ಪಣಿ ಪುಸ್ತಕ ಇದರ ಪಕ್ಕ ಇಡಿ. ಎರಡರ ಅಂಚಿಗೂ ಅದೇ ಎರಡು ಕೆಂಪು ಗೆರೆ.”

ಜವಾಹಿರ್ ನಾನಾ ತಾವೇ ಎಳೆದು ಪಕ್ಕಕ್ಕಿಟ್ಟರು. ಗೆರೆಗೆ ಗೆರೆ ಕೂಡಿತು.

“ನಿಮಗೆ ಬೇಕಾದದ್ದು ಒಂದು ಹೆಚ್ಚಿನ ಸಾಲು. ನಡುವೆ ಒಂದು ಖಾಲಿ ವರ್ಷ ಸಿಕ್ಕಿತು. ಮುದುಕ ಮರೆತಿದ್ದಾನೆ ಅಂದುಕೊಂಡ್ರಿ. ಈ ಊರಿನಲ್ಲಿ ಆ ವರ್ಷ ಇದ್ದ ಯಾವ ಕಳ್ಳನೂ ಆ ಸಾಲನ್ನು ಮುಟ್ತಿರಲಿಲ್ಲ. ಒಂದು ಹೆಸರೂ ಬರೆಯದೆ ಬಿಟ್ಟದ್ದೇ ಅದರ ಬರಹ. ವಿಪುಲ ಇದ್ದ. ನಾನಾ ಇದ್ರು. ನಾನು ಒಣ ಕೆರೆ ದಾಟಿ ಹೆರಿಗೆಗೆ ಹೋದೆ. ಈ ತಕರಾರಿನಲ್ಲಿ ಕೈಯಿಟ್ಟವರ ಪೈಕಿ ಆಗ ಇಲ್ಲಿ ಇಲ್ಲದವರು ನೀವೊಬ್ಬರೇ. ಆರು ವರ್ಷದ ಹಿಂದೆ ದೂರದ ಮಾತರ ಪಟ್ಟಣದಿಂದ ನಿವೃತ್ತರಾಗಿ ಬಂದ್ರಿ.”

“ನನಗೇನು ಲಾಭ?” ಎಂದರು ದೊಡ್ಡ ಸರ್.

ಸೀಲಾವತಿ ಕೈಚೀಲದಿಂದ ಲಗ್ನಪತ್ರಿಕೆ ತೆಗೆದಳು. ಬಂಗಾರದ ಅಕ್ಷರ. “ನಿಮ್ಮ ಮಗಳ ಮದುವೆ. ನಾನು ಬಂದು ಊಟ ಮಾಡಿದ್ದೆ. ವರ, ನಳಿನ್ ದಿಸಾನಾಯಕ. ವಿಪುಲ, ನಿನ್ನ ಕಾಗದ ತೆಗಿ. ಯಾರ ರುಜು?”

ವಿಪುಲ ಕಾಗದ ನೋಡಿದ. ಪತ್ರಿಕೆ ನೋಡಿದ. ಅವನ ಕಿವಿ ಕೆಂಪಾಯಿತು. “ನ್ಯಾಯವಾಗಿ ಮಾಡ್ತಾರೆ ಅಂದ. ತನ್ನ ಮಾವ ಅಂತ ಹೇಳಲಿಲ್ಲ.”

“ಮಧ್ಯಸ್ಥನಾಗಿ ಕೂರುವಾಗ ಅದನ್ನು ಹೇಳಬೇಕಿದ್ದದ್ದು ಇವರು,” ಎಂದರು ಜವಾಹಿರ್ ನಾನಾ.

ದೊಡ್ಡ ಸರ್ ಎದ್ದು ನಿಂತರು. ಆ ಹೊತ್ತಿನಲ್ಲೂ ಅವರು ಪಾಠವನ್ನೇ ಮಾಡಿದರು. “ಒಂದು ಮಾತು ಎಲ್ಲರೂ ತಿಳ್ಕೊಳ್ಳಿ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಹೊರಗೆ ಯಾವ ಕೋರ್ಟಿನಲ್ಲೂ ನಡೆಯಲ್ಲ. ಅದು ಕಾನೂನು. ನಾನು ಹೇಳಿದ್ದು, ನೀವು ಹೇಳಿದ್ದು, ಎಲ್ಲ ಈ ಬಾಗಿಲೊಳಗೇ ಸತ್ತುಹೋಗುತ್ತೆ. ನೀವು ಏನೂ ಮಾಡೋಕಾಗಲ್ಲ ಮಿಸ್ಸಿ.”

ಸೀಲಾವತಿಯೂ ಎದ್ದಳು. ಅವರ ಭುಜದ ಮಟ್ಟಕ್ಕೂ ಬರುತ್ತಿರಲಿಲ್ಲ. ಆದರೂ ದೊಡ್ಡ ಸರ್ ಒಂದು ಹೆಜ್ಜೆ ಹಿಂದೆ ಸರಿದರು.

“ಆ ಕಾನೂನು ಇವಳಂಥವರು ಹೆದರದೆ ಬಾಯಿ ಬಿಡಲಿ ಅಂತ ಮಾಡಿದ್ದು. ನಿಮಗೆ ಬಚ್ಚಿಟ್ಟುಕೊಳ್ಳೋಕೆ ಅಲ್ಲ. ಇವಳ ಮಾತನ್ನು ಮೊದಲು ಬಾಗಿಲಾಚೆ ಒಯ್ದವರು ನೀವು, ನಾನಲ್ಲ. ಇಲ್ಲಿ ಆಡಿದ ಒಂದು ಮಾತನ್ನೂ ನಾನು ಹೊರಗೆ ಹೇಳಲ್ಲ. ಹೇಳಬೇಕಾಗಿಯೂ ಇಲ್ಲ. ಕಣಜ ಇರೋದು ಈ ಕೋಣೆಯಲ್ಲಲ್ಲ, ಇವಳ ಮನೇಲಿ. ಅಲ್ಲಿ ಕಳ್ಳತನ ಆಗಿದೆ ಅಂತ ಇವಳು ಇವತ್ತೇ ಠಾಣೆಯಲ್ಲಿ ಬರೆಸ್ತಾಳೆ. ಅಳಿಯನ ಕೆಲಸಕ್ಕೆ ಮಾವ ಮಧ್ಯಸ್ಥನಾದ ಅಂತ ನಾನು ಮಧ್ಯಸ್ಥಿಕೆ ಆಯೋಗಕ್ಕೆ ಬರೀತೀನಿ. ಲಗ್ನಪತ್ರಿಕೆ ಹತ್ತಾರು ಮನೆಗೆ ಹಂಚಿದ್ದು, ಗುಟ್ಟಿನದಲ್ಲ. ತಡೆಯೋದಾದ್ರೆ ತಡೀರಿ.”

“ನಿಮ್ಮ ಕುರ್ಚಿ ಹೋಗುತ್ತೆ.”

“ಹೋಗಲಿ. ಇದು ಆರನೇ ತರಗತಿ ಮಕ್ಕಳ ಕುರ್ಚಿ. ನನಗೆ ಸೊಂಟ ನೋವು.”

ಬೆಂಚಿನ ಹಿರಿಯನೊಬ್ಬ ನಕ್ಕ. ಇನ್ನೊಬ್ಬನೂ ನಕ್ಕ. ಇಷ್ಟು ವರ್ಷ ಯಾರೂ ದೊಡ್ಡ ಸರ್ ಎದುರು ನಕ್ಕಿರಲಿಲ್ಲ. ಅವರು ಟಿಪ್ಪಣಿ ಪುಸ್ತಕಕ್ಕೆ ಕೈ ಚಾಚಿದರು. ಜವಾಹಿರ್ ನಾನಾ ಅದರ ಮೇಲೆ ಅಂಗೈ ಊರಿದ್ದರು. ದೊಡ್ಡ ಸರ್ ಬರಿಗೈಯಲ್ಲಿ ಹೊರಗೆ ನಡೆದರು.

ವಿಪುಲ ಭಟ್ಟಿಯ ಕಾಗದವನ್ನು ನಾಲ್ಕಾಗಿ ಹರಿದ.

“ರಾಜಿಗೆ ಇಬ್ಬರ ರುಜು ಬೇಕು ಚಿಕ್ಕಮ್ಮ. ಬರೀರಿ. ಈ ವರ್ಷ ನಿಮ್ಮದು. ಮಣ್ಣು ಮಾರೋದಕ್ಕೆ ಯಾರ ಸರದಿಯೂ ಇಲ್ಲ ಅಂತಾನೂ ಬರೀರಿ.”

“ನಿನ್ನ ಟ್ರ್ಯಾಕ್ಟರ್?”

“ನಾಳೆ ತೂಬು ತೆಗೀತಾರೆ. ಉಳೋಕೆ ಕರೀತೀರೋ ಇಲ್ಲವೋ?”

“ಬಾಡಿಗೆಗೆ ಕರೀತೀನಿ. ಧರ್ಮಕ್ಕೆ ಬೇಡ,” ಎಂದಳು ಬಿಸೋ ಮೆನಿಕೆ.

* * *

ಪೊಲೀಸರು ದೊಡ್ಡ ಸರ್ ಮನೆಗೆ ಹೋದದ್ದು ಸೋಮವಾರ. ಅಸಲಿ ಪುಸ್ತಕ ಅವರ ಕಪಾಟಿನಲ್ಲೇ ಇತ್ತು. ಕಂದು ಕಾಗದದ ಹೊದಿಕೆ ಹಾಕಿ, ಚೀಟಿ ಅಂಟಿಸಿ, ಬೇರೆ ಪುಸ್ತಕಗಳ ನಡುವೆ ನಿಲ್ಲಿಸಿದ್ದರು. ಯಾಕೆ ಸುಡಲಿಲ್ಲ ಎಂದು ಪೊಲೀಸಿನವನು ಕೇಳಿದನಂತೆ. ಬರೆದದ್ದನ್ನು ಸುಡಲು ಕೈ ಬರಲಿಲ್ಲ ಎಂದರಂತೆ. ಬರೆಯದೆ ಬಿಟ್ಟದ್ದನ್ನು ಓದಲು ಮಾತ್ರ ಅವರಿಗೆ ಬಂದಿರಲಿಲ್ಲ.

ಪುಸ್ತಕ ಸಾಕ್ಷಿಯಾಗಿ ಠಾಣೆಗೆ ಹೋಗಿ, ಪೈರು ಮೊಣಕಾಲೆತ್ತರ ಬಂದಾಗ ವಾಪಸು ಬಂತು. ಸೀಲಾವತಿ ಅದನ್ನು ಚೌಕುಳಿ ಹೊದಿಕೆಗೆ ಸೇರಿಸಿ ಹೊಲಿದುಕೊಟ್ಟಳು. ಹೊಲಿಯುವಾಗ ಸುಂಕು ಉದುರಿ ಮಡಿಲೆಲ್ಲ ತುರಿಸಿತು. ಒಂದು ಪುಟದಲ್ಲಿ ಸುಣ್ಣದ ಬೆರಳು ಹಾಗೇ ಇತ್ತು. ಮುಂದಿನ ಪುಟದಲ್ಲಿ ಎಂಟು ವರ್ಷದ ಹಿಂದಿನ ವರ್ಷ ಮಾತ್ರ ಬರೆದು, ಹೆಸರಿನ ಜಾಗವನ್ನು ಬರಿದಾಗಿ ಬಿಡಲಾಗಿತ್ತು.

ಬಿಸೋ ಮೆನಿಕೆ ಆ ಬರಿದು ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ ಕೊನೆಯ ಸಾಲಿನ ಕೆಳಗೆ ಈ ವರ್ಷದ ಎದುರು ತನ್ನ ಹೆಸರನ್ನು ತಾನೇ ಬರೆದಳು. ಅಕ್ಷರ ದೊಡ್ಡದಾಗಿ ಎರಡು ಸಾಲು ತಿಂದಿತು.

“ಕಣಜಕ್ಕೆ ಹಾಕ್ತೀಯಾ?” ಸೀಲಾವತಿ ಕೇಳಿದಳು.

“ಇಲ್ಲ.” ಬಿಸೋ ಮೆನಿಕೆ ಹೊದಿಕೆಗೆ ದಾರ ಪೋಣಿಸಿದಳು. ಬೀದಿಗೆ ಕಾಣುವಂತೆ ಜಗಲಿಯ ಕಂಬದಲ್ಲಿ ಮೊಳೆ ಹೊಡೆದು ಪುಸ್ತಕ ತೂಗುಹಾಕಿದಳು.

ಬೇಲಿಯಾಚೆ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು.

“ನೋಡ್ತಾ ನಿಲ್ಲಬೇಡ,” ಎಂದು ಬಿಸೋ ಮೆನಿಕೆ ಕೂಗಿ ಹೇಳಿದಳು. “ಬಾ. ಬಂದು ಓದು.”